ಬಳ್ಳಾರಿಯಾಗ ನಮ್ಮ ನಾಟಕ ತಂಡ ಉಳಿಸ್ಕೊಳ್ಳಾಕ ದೇಣಿಗಿ, ಕೆಲಸಕ್ಕ ಮಂದಿ ಹೆಂಗ ಕೂಡಿಸೋದು?

ಪರದೆ_ಹಿಂದಿನವ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ್ರೀ. ನಾವು ಬಳ್ಳಾರಿಯೊಳಗ ಒಂದು ಹವ್ಯಾಸಿ ನಾಟಕ ತಂಡ ನಡಸ್ತೀವಿ, ಒಂಬತ್ತು ವರ್ಷ ಆತು, ಸೊಸೈಟಿ ಅಂತ ರಿಜಿಸ್ಟರ್ ಮಾಡಿಸೀವಿ, ಯಾರೂ ಒಂದು ರೂಪಾಯಿ ಸಂಬಳ ತಗೊಳ್ಳಂಗಿಲ್ಲ. ಒಬ್ರು ಬ್ಯಾಂಕಿನ್ಯಾಗ ಅದಾರ, ಇಬ್ರು ಸಾಲಿ ಮಾಸ್ತರು, ನಾಕು ಮಂದಿ ಜೀನ್ಸ್ ಹೊಲಿಯೋ ಯೂನಿಟ್ಟಿನ್ಯಾಗ ದುಡೀತಾರ, ಉಳದವ್ರು ಕಾಲೇಜ್ ಹುಡುಗ್ರು. ಸಂಜಿ ಏಳರ ಮ್ಯಾಲೆ ಕೌಲ್ ಬಜಾರ್ ಕಡಿ ಒಂದು ಗೋಡೌನಿನ್ಯಾಗ ತಾಲೀಮು. ಅದರ ಬಾಡಿಗಿ 6 ಸಾವಿರ ಇದ್ದದ್ದು ಈ ಸಲ 9 ಸಾವಿರ ಆತು, ಮಾಲಕರ ತಪ್ಪೇನೂ ಇಲ್ಲ, ಬಜಾರಿನ್ಯಾಗ ಅಷ್ಟೇ ನಡದೈತಿ, ಆದ್ರ ನಮ್ಮ ಕೈಲೆ ಆಗವಲ್ದು.

ನಾಟಕದ ದಿನ ಮಂದಿ ಬರ್ತಾರ್ರೀ, ಅದಕ್ಕೇನೂ ಕಮ್ಮಿ ಇಲ್ಲ. ನಡುವ ಪರದೆ ಬಿದ್ದಾಗ ಸ್ಟೇಜ್ ಮ್ಯಾಲೆ ಬಂದು ಆಯಾರ ಮಾಡ್ತಾರ, ಶಾಲು ಹೊದಸ್ತಾರ, ಮೈಕಿನ್ಯಾಗ ಹೆಸರು ಕೂಗಸ್ತಾರ. ಎರಡು ವರ್ಷದ ಹಿಂದ ಒಬ್ಬ ದೊಡ್ಡ ಮನಷ್ಯಾರು ಮೈಕ್ ಹಿಡದು 50 ಸಾವಿರ ಕೊಡ್ತೀನಿ ಅಂದ್ರು, ಮಂದಿ ಎಲ್ಲಾ ಚಪ್ಪಾಳಿ ಹೊಡದ್ರು, ನಾವು ಆ ರೊಕ್ಕ ನಂಬಿ ಲೈಟಿಗೆ ಅಡ್ವಾನ್ಸ್ ಕೊಟ್ವಿ, ಇವತ್ತಿನ ತನಕ ಬಂದಿಲ್ಲ. ಕೇಳಾಕೂ ಮುಖ ಇಲ್ಲ. ಉಳಿದ ಹನ್ನೊಂದು ತಿಂಗಳು ಯಾರೂ ನಮ್ಮನ್ನ ನೆನಸಂಗಿಲ್ಲ.

ಇನ್ನೊಂದು, ಕೆಲಸಕ್ಕ ಬರ್ರಿ ಅಂತ ಸ್ಟೇಟಸ್ ಹಾಕಿದ್ವಿ, 22 ಮಂದಿ ಹೆಸರು ಕೊಟ್ರು, ಎರಡನೇ ವಾರಕ್ಕ ಮೂರು ಮಂದಿ ಉಳಿದ್ರು. ಬಳ್ಳಾರಿ ರಾಘವರು, ಜೋಳದರಾಶಿ ದೊಡ್ಡನಗೌಡರು, ಸುಭದ್ರಮ್ಮ ಮನ್ಸೂರ್ ಅಂಥಾ ನಾಟಕದ ಕಲಾವಿದರು, ತೊಗಲುಗೊಂಬಿಯ ಬೆಳಗಲ್ಲು ವೀರಣ್ಣ ಇವರೆಲ್ಲ ಇದ್ದ ಜಿಲ್ಲಾದಾಗ ತಾಲೀಮಿಗೆ ನೆಳ್ಳು ಇಲ್ಲ ಅಂದ್ರ ಹೊಟ್ಟಿಯಾಗ ಸಂಕಟ ಆಕ್ಕೈತ್ರೀ. ತಂಡ ನಡಸಿದ ಅನುಭವ ಇದ್ದವರು ಹೇಳ್ರಿ, ತಿಂಗಳಾ ತಿಂಗಳಾ ರೊಕ್ಕ ಬರೋ ಹಂಗ ಏನ್ ಮಾಡಬೇಕು, ಬಂದ ಮಂದಿ ನಿಲ್ಲಾಕ ಏನ್ ಮಾಡಬೇಕು?

ಗವಿಮಠದ_ದಾರಿ (ಕೊಪ್ಪಳ)

ಅಣ್ಣಾರ, ನಮ್ಮೂರಾಗ ಬಯಲಾಟ ಆಡೋವಾಗ ಹೆಂಗ ನಡೀತಿತ್ತು ಅಂತ ಹೇಳ್ತೀನಿ ಕೇಳ್ರಿ. ಮನಿ ಮನಿಗೆ ಪಟ್ಟಿ ಎತ್ತತಿದ್ರು, ರೊಕ್ಕ ಇಲ್ದವ್ರು ಜ್ವಾಳ ಕೊಡ್ತಿದ್ರು, ಅದೂ ಇಲ್ದವ್ರು ಮಾಸ್ತರಗ ಒಂದಿನ ಊಟ ಹಾಕ್ತಿದ್ರು. ಪೇಟಿ ಮಾಸ್ತರು ಎರಡು ತಿಂಗಳು ಊರಾಗ ಇದ್ರ ಎರಡು ತಿಂಗಳೂ ಒಬ್ಬೊಬ್ರ ಮನ್ಯಾಗ ಊಟ, ಹಿಂಗಾಗಿ ಆಟ ಆಡೋ ಹೊತ್ತಿಗೆ ಊರಿಗೆ ಊರೇ ಆ ಆಟದಾಗ ಪಾಲುದಾರ ಆಗಿರ್ತಿತ್ತು. ನಿಮ್ಮಲ್ಲಿ ಏನಾಗೈತಿ ಅಂದ್ರ ನೀವು ನಾಟಕಕ್ಕ ಸಹಾಯ ಮಾಡ್ರಿ ಅಂತ ಕೇಳ್ತೀರಿ, ಮಂದಿಗೆ ಅದು ಎಷ್ಟು, ಯಾವುದಕ್ಕ, ಯಾವಾಗ ಅಂತ ತಿಳಿಯಂಗಿಲ್ಲ.

9 ಸಾವಿರ ಬಾಡಿಗಿ ಅಂದ್ರ ದಿನಕ್ಕ 300 ರೂಪಾಯಿ ಬಿತ್ತು. ಒಂದಿನದ ತಾಲೀಮು ನಿಮ್ಮ ಹೆಸರಿಲೆ ಅಂತ ಕೇಳ್ರಿ. ಮಠದಾಗ ಒಂದಿನದ ದಾಸೋಹ ಬರಸ್ತಾರಲ್ರೀ, ಅಪ್ಪನ ತಿಥಿ, ಮಗಳ ಹುಟ್ಟಿದ ದಿನ ಅಂತ, ಹಂಗ. ಬಾಗಿಲಾಗ ಒಂದು ಕರಿ ಹಲಿಗಿ ಹಾಕಿ, ಇವತ್ತಿನ ತಾಲೀಮು ಇಂಥವರದು ಅಂತ ಸುಣ್ಣದಕಡ್ಡಿಲೆ ಬರೀರಿ, ಫೋಟೋ ತಗದು ಅವ್ರಿಗೆ ಕಳಸ್ರಿ. ನಮ್ಮ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರಿಗೆ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್‌ಗಟ್ಟಲೆ ರೊಟ್ಟಿ ಬರ್ತಾವು, ಯಾರೂ ಒಬ್ರೇ ಲಕ್ಷ ರೊಟ್ಟಿ ಕೊಡಂಗಿಲ್ಲ, ಒಂದೊಂದು ಮನಿಯಿಂದ ಹತ್ತು, ಇಪ್ಪತ್ತು, ಆದ್ರ ಯಾವ ಮನೀನೂ ತಪ್ಪಸಂಗಿಲ್ಲ.

ಮುಖವಾಡ, ಕಿರೀಟ, ಗದಿ ಏನಾದ್ರೂ ಬೇಕಿದ್ರ ನಮ್ಮ ಕೊಪ್ಪಳ ಹತ್ರದ ಕಿನ್ನಾಳಕ್ಕ ಬಂದು ಹೋಗ್ರಿ, ಹಗರ ಕಟಗಿಲೆ ಮಾಡ್ತಾರ. ಪುಕ್ಕಟೆ ಕೇಳಬ್ಯಾಡ್ರಿ ಮತ್ತ, ಅವ್ರದೂ ಕೈಕೆಲಸದ ಹೊಟ್ಟಿಪಾಡು. ದಾನ ಕೊಡೋರಿಗೆ ಒಂದು ಕಿರೀಟದ ಖರ್ಚು ನೀವು ಕೊಡ್ರಿ ಅನ್ರಿ, ಎರಡೂ ಕಡಿ ಒಳ್ಳೇದಾತು.

ಲೆಕ್ಕದ_ಪುಸ್ತಕ (ರಾಯಚೂರು)

ನಾನು ಆಡಿಟರ್ ಆಫೀಸಿನ್ಯಾಗ ಕೆಲಸ ಮಾಡ್ತೀನಿ, ಕಾಗದದ ವಿಷಯ ಹೇಳ್ತೀನ್ರಿ, ಇದನ್ನ ಬಿಟ್ರ ಮುಂದ ಭಾಳ ತ್ರಾಸ ಆಗ್ತದ.

ಸೊಸೈಟಿ ಅಂದ್ರಿ, ಕರ್ನಾಟಕದ 1960ರ ಸೊಸೈಟಿ ನೋಂದಣಿ ಕಾಯ್ದೆ ಪ್ರಕಾರ ಪ್ರತಿ ವರ್ಷ ಸಭೆ ಮಾಡಿ ಲೆಕ್ಕಪತ್ರ, ಕಮಿಟಿ ಪಟ್ಟಿ ರಿಜಿಸ್ಟ್ರಾರ್ ಆಫೀಸಿಗೆ ಕೊಡಬೇಕು, ಕೊಟ್ಟೀರಿ? ಭಾಳ ತಂಡಗಳು ಮೊದಲ ಎರಡು ವರ್ಷ ಕೊಟ್ಟು ಬಿಟ್ಟುಬಿಡ್ತಾವ, ಆಮ್ಯಾಲ ಯಾರಾದ್ರೂ ಕಂಪನಿಯವ್ರು ದುಡ್ಡು ಕೊಡ್ತೀವಿ ಅಂತ ಬಂದಾಗ ಕೈಯಾಗ ಏನೂ ಇರಂಗಿಲ್ಲ. ಮೊದಲ ಅದನ್ನ ಸರಿ ಮಾಡ್ಕೋರಿ. ಆಮ್ಯಾಲ ಇನ್‌ಕಂ ಟ್ಯಾಕ್ಸ್ ಕಡೆ ತಂಡದ ಆದಾಯಕ್ಕ ತೆರಿಗಿ ವಿನಾಯ್ತಿ ಕೊಡೋ 12ಎ ಅಂತ ಕರಿಯೋ ನೋಂದಣಿ, ದಾನ ಕೊಟ್ಟವ್ರಿಗೆ ವಿನಾಯ್ತಿ ಕೊಡೋ 80ಜಿ ಅಂತ ಕರಿಯೋ ಮಂಜೂರಾತಿ. 80ಜಿ ಇದ್ರ ನಿಮಗ ಕೊಟ್ಟವ್ರು ಕೊಟ್ಟಿದ್ದರಾಗ ಅರ್ಧದಷ್ಟು ತಮ್ಮ ಆದಾಯದಾಗ ಕಡಿಮಿ ತೋರಿಸಬಹುದು, ಅದಕ್ಕೂ ಒಂದು ಮಿತಿ ಅದ, ಹಳೇ ಟ್ಯಾಕ್ಸ್ ಪದ್ಧತಿ ಇಟ್ಕೊಂಡವ್ರಿಗೆ ಮಾತ್ರ, ಹೊಸದಕ್ಕ ಹೋದವ್ರಿಗೆ ಇಲ್ಲ. 2 ಸಾವಿರಕ್ಕಿಂತ ಹೆಚ್ಚು ನಗದು ಕೊಟ್ರ ಆ ಲಾಭ ಸಿಗಂಗಿಲ್ಲ, ಬಟ್ಟಿ, ಸಾಮಾನು ಕೊಟ್ರೂ ಸಿಗಂಗಿಲ್ಲ. ಅದಕ್ಕ ತಂಡದ ಹೆಸರಿನ ಖಾತೆಗೇ ಹಾಕಸ್ರಿ, ಸೆಕ್ರೆಟರಿ ಫೋನ್‌ಪೇಗೆ ಬ್ಯಾಡ್ರಿ ದಯಮಾಡಿ, ಎಷ್ಟು ಪ್ರಾಮಾಣಿಕರಿದ್ರೂ ಒಂದಿನ ಮಾತು ಬರ್ತದ.

ಕಂಪನಿಗಳು ಸಮಾಜದ ಕೆಲಸಕ್ಕ ಅಂತ ಕೊಡೋ ಸಿಎಸ್‌ಆರ್ ದುಡ್ಡಿಗೆ ಕಲೆ, ಸಂಸ್ಕೃತಿನೂ ಪಟ್ಟಿಯಾಗ ಅದ. ನಿಮ್ಮ ಕಡೆ ಗಣಿ, ಸ್ಟೀಲ್ ಕಾರ್ಖಾನೆ ಎಲ್ಲಾ ಅವ, ಕೇಳಬಹುದು. ಅದಕ್ಕ ಮೂರು ವರ್ಷ ಕೆಲಸ ಮಾಡಿದ ದಾಖಲೆ, ಆ ದುಡ್ಡು ತಗೊಳ್ಳೋ ಸಂಸ್ಥೆಗಳು ಮಾಡಿಸೋ ಸಿಎಸ್‌ಆರ್-1 ನೋಂದಣಿ ಎರಡೂ ಬೇಕು. ಟಿಕೆಟ್ ಇಡಾಕ ಅಂಜಬ್ಯಾಡ್ರಿ, ಒಬ್ರಿಗೆ 500 ರೂಪಾಯಿ ತನಕ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ, ನೀವು 50, 100 ಇಟ್ರ ಏನಾಯ್ತು. ಅಮೇರಿಕಾದಾಗ ಇರೋ ನಿಮ್ಮೂರವ್ರು ಯಾರಾದ್ರೂ ಕೊಡ್ತೀನಿ ಅಂದ್ರ ಮೊದಲು ಪಾಸ್‌ಪೋರ್ಟ್ ಯಾವುದು ಅಂತ ಕೇಳ್ರಿ, ಭಾರತದ್ದಾದ್ರ ಅಡ್ಡಿ ಇಲ್ಲ, ಅಲ್ಲಿನ ಪೌರತ್ವ ತಗೊಂಡಿದ್ರ ವಿದೇಶಿ ದೇಣಿಗಿ ತಗೊಳ್ಳಾಕ ಬೇಕಾಗೋ ಎಫ್‌ಸಿಆರ್‌ಎ ಪರವಾನಗಿ ಇಲ್ದ ಆ ದುಡ್ಡು ಮುಟ್ಟಬ್ಯಾಡ್ರಿ.

ತುಂಗಭದ್ರಾ_ದಂಡೆ (ಈಗ ಬೆಂಗಳೂರು)

ನಾನು ಬಳ್ಳಾರಿಯವಳೇ, ಸತ್ಯನಾರಾಯಣ ಪೇಟೆಯಲ್ಲಿ ಬೆಳೆದಿದ್ದು. ಎರಡನೇ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ, ಯಾಕಂದ್ರೆ ನಾನೂ ಹೀಗೇ ಒಂದು ತಂಡಕ್ಕೆ ಹೆಸರು ಕೊಟ್ಟು ಬಿಟ್ಟು ಹೋದವಳು. ನಾಲ್ಕು ಸಂಜೆ ಹೋದೆ, ನಾಲ್ಕೂ ಸಂಜೆ ಕುರ್ಚಿ ಮೇಲೆ ಕೂರಿಸಿದ್ರು. ನೋಡ್ತಾ ಇರಮ್ಮ, ಕೆಲಸ ಬಂದಾಗ ಹೇಳ್ತೀವಿ ಅಂದ್ರು. ಯಾರೂ ಕೆಟ್ಟವರಲ್ಲ, ಅವರವರ ಮಾತು ಉರು ಹೊಡಿಯೋದ್ರಲ್ಲಿ ಮುಳುಗಿದ್ರು ಅಷ್ಟೆ, ಐದನೇ ದಿನ ನನಗೆ ಹೋಗೋಕೆ ಮನಸ್ಸೇ ಬರಲಿಲ್ಲ. ಜೊತೆಗೆ ಮುಗಿಯೋದು ಒಂಬತ್ತೂವರೆ, ಆಮೇಲೆ ಆಟೋ ಸಿಗಲ್ಲ, ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನಿಂತಿರೋರು.

ಹೆಸರು ಕೊಟ್ಟವರಿಗೆ ಮೊದಲ ದಿನವೇ ಒಂದು ಕೆಲಸ ಕೊಡಿ, ಸಣ್ಣದಾದ್ರೂ ಪರವಾಗಿಲ್ಲ, ಅದು ಮುಗಿಯೋ ಕೆಲಸ ಆಗಿರಬೇಕು. ಪುಸ್ತಕ ಹಿಡಿದು ಮಾತು ಎತ್ತಿಕೊಡೋದು, ಬಟ್ಟೆ ಪೆಟ್ಟಿಗೆ ಬಿಸಿಲಿಗೆ ಹಾಕಿ ಪಟ್ಟಿ ಬರೆಯೋದು, ಟಿಕೆಟ್ ಹಣ ಎಣಿಸೋದು, ಮಕ್ಕಳನ್ನ ಕರ್ಕೊಂಡು ಬಂದ ಕಲಾವಿದೆಯರ ಮಕ್ಕಳನ್ನ ನೋಡ್ಕೊಳ್ಳೋದು. ಹೆಣ್ಮಕ್ಕಳಿಗೆ ಭಾನುವಾರ ಬೆಳಗ್ಗೆ ತಾಲೀಮು ಇಡಿ, ಸಂಜೆ ಇಟ್ರೆ ಮನೆಗೆ ಬಿಡೋ ಜವಾಬ್ದಾರಿ ತಂಡದ್ದು ಅಂತ ಬಾಯಿ ಬಿಟ್ಟು ಹೇಳಿ. ಹೆಣ್ಣಿನ ಪಾತ್ರ ಹೆಣ್ಮಕ್ಕಳೇ ಮಾಡಬೇಕು ಅಂತ ಹಟ ಹಿಡಿದ ಬಳ್ಳಾರಿ ರಾಘವರು ತೀರಿಕೊಂಡಿದ್ದು 1946ರಲ್ಲಿ, ವಕೀಲಿ ಮಾಡ್ತಾ ನಾಟಕ ಆಡಿದವರು ಅವರು. ಅವರ ಹೆಸರಿನ ರಾಘವ ಕಲಾಮಂದಿರಕ್ಕೆ ನಮ್ಮ ತಾತ ನನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ರು, ಮೊದಲ ಸಲ ಪರದೆ ಏಳೋದು ನೋಡಿದ್ದು ಅಲ್ಲೇ, ಎದೆ ಹೊಡ್ಕೊಂಡಿದ್ದು ಇವತ್ತಿಗೂ ನೆನಪಿದೆ.

ದೂರ ಇದ್ದೀನಿ, ಬಂದು ದುಡಿಯೋಕೆ ಆಗಲ್ಲ. ಖಾತೆ ನಂಬರ್ ಮೆಸೇಜ್ ಮಾಡಿ, ತಿಂಗಳಿಗೆ 600 ಹಾಕ್ತೀನಿ, ಎರಡು ದಿನದ ತಾಲೀಮು. ತಾತನ ಹೆಸರಲ್ಲಿ ಬರೀರಿ.

ಲೈಟ್_ಮ್ಯಾನ್ (ಸಿರುಗುಪ್ಪ)

ಅಣ್ಣ ಲೈಟ್ ಪ್ರತಿ ಸಲ ಬಾಡಿಗಿ ತರಬ್ಯಾಡ್ರಿ, ಐದಾರು ಶೋ ಬಾಡಿಗಿ ರೊಕ್ಕದಾಗ ಬೆಳಕು ಹೆಚ್ಚುಕಮ್ಮಿ ಮಾಡೋ ಸೆಕೆಂಡ್‌ಹ್ಯಾಂಡ್ ಡಿಮ್ಮರ್, ನಾಕು ಲೈಟ್ ಬರ್ತಾವು, ನಾ ನೋಡಿ ಕೊಡಸ್ತೀನಿ. ಇಬ್ರು ಹುಡುಗ್ರನ್ನ ಕಳಸ್ರಿ ವೈರಿಂಗ್ ಕಲಸ್ತೀನಿ, ರೊಕ್ಕ ಏನೂ ಬ್ಯಾಡ.

ಪರದೆ_ಹಿಂದಿನವ (ಬಳ್ಳಾರಿ)

ಎಲ್ಲರಿಗೂ ಕೈ ಮುಗೀತೀನ್ರೀ. ತಂಗಿ ಬರದದ್ದು ಓದಿ ಭಾಳ ಹೊತ್ತು ಸುಮ್ಮನ ಕುಂತೆ, ಹೋದ 19 ಮಂದಿನ್ನ ನಾವೂ ಕುರ್ಚಿ ಮ್ಯಾಲೇ ಕುಂಡ್ರಿಸಿದ್ವಿ. ನಿನ್ನೆ ಒಬ್ಬೊಬ್ರಿಗೇ ಫೋನ್ ಮಾಡಿ ತಪ್ಪಾತು ಅಂದೆ, ಏಳು ಮಂದಿ ಮತ್ತ ಬರ್ತೀವಿ ಅಂದಾರ. ರಾಯಚೂರಿನ ಸರ್ ಹೇಳಿದ್ದು ಖರೆ, ಮೂರು ವರ್ಷದ ಲೆಕ್ಕ ಕೊಟ್ಟಿಲ್ಲ, ಬ್ಯಾಂಕಿನವ್ರು ನಮ್ಮ ತಂಡದಾಗ ಅದಾರಲ್ಲ, ಅವ್ರು ಕುಂತು ತಗೀತಾರ. ಹಲಿಗಿ ಇವತ್ತೇ ತಂದೀನಿ, ಈ ತಿಂಗಳಿಗೆ 11 ದಿನ ತುಂಬಿದ್ವು, 19 ಖಾಲಿ.

ಮತ್ತೊಂದು ಮಾತು, ನಮ್ಮ ಹಿಂಪರದೆ ಹರದು ಚಿಂದಿ ಆಗೇತಿ. ಈ ಐತವಾರ ಮುಂಜಾನೆ ಹತ್ತಕ್ಕ ಹೊಸಾದು ಹೊಲೀಬೇಕಂತ ಮಾಡೀವಿ, ಜೀನ್ಸ್ ಯೂನಿಟ್ಟಿನ ನಮ್ಮ ಹುಡುಗ್ರು ನಾಕು ಮಂದಿ ಬರ್ತಾರ, ಬಟ್ಟಿ 40 ಮೀಟರ್ ಐತಿ, ಮಷಿನ್ ಒಂದೇ ಐತಿ.

ಸೂಜಿ_ದಾರ (ಬಳ್ಳಾರಿ)

ನನ್ನ ಕಡಿ ಎರಡು ಮಷಿನ್ ಅದಾವ್ರಿ, ಒಂದು ಮೋಟರಿಂದು. ಟಂಟಂನ್ಯಾಗ ಹಾಕ್ಕೊಂಡು ನಮ್ಮ ಮನಿಯವರನ್ನೂ ಕರ್ಕೊಂಡು ಬರ್ತೀನಿ, ಅವ್ರು ಪರದೆ ಅಂಚು ಚಲೋ ಹೊಡೀತಾರ. ಗೋಡೌನ್ ಯಾವ ಗಲ್ಲಿ ಅಂತ ಹೇಳ್ರಿ.