ಮೊದಲ ಮಗುವಿಗೆ ಥಲಸ್ಸೆಮಿಯಾ, ಈಗ ಮತ್ತ 8 ವಾರ: ಜೆನೆಟಿಕ್ ಕೌನ್ಸೆಲಿಂಗ್‌ಗೆ ಏನೇನು ಒಯ್ಯಬೇಕು?

ಪ್ರಶ್ನೆ (ಜಮಖಂಡಿ): ತಂಗಿಯನ್ನ ಸೋದರಮಾವಗ ಕೊಟ್ಟೈತಿ. ಮೊದಲ ಮಗಗ ಬೀಟಾ ಥಲಸ್ಸೆಮಿಯಾ ಮೇಜರ್ (ಮೈಯಾಗ ರಕ್ತ ಸರಿಯಾಗಿ ಆಗದ ವಂಶದ ರೋಗ), ರಕ್ತ ಹಾಕಸ್ತೀವಿ. ಈಗ ಮತ್ತ 8 ವಾರದ ಬಸಿರು. ಬೆಳಗಾವಿಗೆ ಹೋಗಿ ಕೌನ್ಸೆಲಿಂಗ್ ಮಾಡಿಸ್ರಿ ಅಂದಾರ ಡಾಕ್ಟ್ರು. ಅಲ್ಲಿ ಏನು ಕೇಳ್ತಾರ? ನಾಲ್ಕರಾಗ ಒಂದಕ್ಕ ಬರೂದು ಬಂದುಹೋತು, ಇನ್ನ ಮೂರಕ್ಕ ಬರಂಗಿಲ್ಲ ಅಂತಾಳ ನಮ್ಮಜ್ಜಿ. ಖರೇ ಏನ್ರಿ?

ಉತ್ತರ 1: ಹಂಗಿಲ್ಲರಿ, ಅಜ್ಜಿಗೆ ಸಮಾಧಾನದಿಂದ ತಿಳಿಸಿ ಹೇಳ್ರಿ. ಗಂಡ-ಹೆಂಡತಿ ಇಬ್ಬರೂ ಮೈನರ್ (ದೋಷದ ಜೀನ್ ಒಂದೇ ಹೊತ್ತವರು) ಇದ್ರ ಪ್ರತಿ ಬಸಿರಿಗೂ ಲೆಕ್ಕ ಮೊದಲಿಂದ: ಮೇಜರ್ 25%, ಮೈನರ್ 50%, ಏನೂ ಇಲ್ಲದ್ದು 25%.

ನಿಮಗೀಗ ದಿನಾನೇ ಮುಖ್ಯ. ಹೊಟ್ಟಿಯೊಳಗಿನ ಕೂಸಿನ ಪರೀಕ್ಷೆ, ಸಿವಿಎಸ್, 11ರಿಂದ 13 ವಾರದೊಳಗ ಆಗಬೇಕು. ಅದಕ್ಕೂ ಮೊದಲು ತಾಯಿ-ತಂದಿ ಇಬ್ಬರ ಬೀಟಾ ಗ್ಲೋಬಿನ್ ಜೀನಿನೊಳಗ (ಹಿಮೋಗ್ಲೋಬಿನ್ ಮಾಡೂ ಜೀನು) ಯಾವ ಮ್ಯುಟೇಶನ್, ಅಂದ್ರ ದೋಷ, ಐತಿ ಗೊತ್ತಿರಬೇಕು. ಇಲ್ಲಂದ್ರ ಕೂಸಿನ ಸ್ಯಾಂಪಲ್ಲಿನ್ಯಾಗ ಲ್ಯಾಬಿನವರು ಏನು ಹುಡುಕಬೇಕು? ಆ ವರದಿಗೆ ವಾರಗಟ್ಟಲೆ ಹಿಡೀಬಹುದು. ಇಬ್ಬರ ರಕ್ತ ಇದೇ ವಾರ ಕೊಡ್ರಿ.

ಒಯ್ಯಬೇಕಾದ್ದು ಇಬ್ಬರ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನ ಬಿಡಿಸಿ ಅಳೆಯೂ ರಕ್ತ ಪರೀಕ್ಷೆ) ವರದಿ, ಸ್ಕ್ಯಾನ್, ಮಗಗ ಮೊದಲ ಸಲ ರಕ್ತ ಹಾಕೂಕ್ಕಿಂತ ಮುಂಚಿನ ಎಚ್‌ಪಿಎಲ್‌ಸಿ. ಆಮೇಲಿಂದರಾಗ ರಕ್ತ ಕೊಟ್ಟವರ ಹಿಮೋಗ್ಲೋಬಿನ್ ಬೆರೆತಿರತೈತಿ. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ರ ಮೊದಲೇ ಹೇಳ್ರಿ, ಸಿವಿಎಸ್ ಆದಮ್ಯಾಲೆ ಆಂಟಿ-ಡಿ ಇಂಜೆಕ್ಷನ್ (ಕೂಸಿನ ರಕ್ತದ ವಿರುದ್ಧ ತಾಯಿ ಮೈಯಾಗ ಪ್ರತಿಕಾಯ ಹುಟ್ಟದಂಗ ಕೊಡೂದು) ಬೇಕಾಗತೈತಿ.

ಉತ್ತರ 2 (ವಿಜಯಪುರ): ಕೌನ್ಸೆಲರ್ ಮೊದಲು ಮೂರು ತಲೆಮಾರಿನ ವಂಶಾವಳಿ ಬರೆಯುತ್ತಾರೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಒಳಸಂಬಂಧದ ಮದುವೆಗೆ ಜೋಡಿ ಗೆರೆ. ಹುಟ್ಟಿ ಸತ್ತ ಕೂಸು, ಇಳಿದುಹೋದ ಬಸಿರು ಯಾವುದನ್ನೂ ಮುಚ್ಚಿಡಬೇಡಿ.

ಸಿವಿಎಸ್‌ನಲ್ಲಿ ಸ್ಕ್ಯಾನ್ ನೋಡುತ್ತ ಸೂಜಿಯಿಂದ ಮಾಸಿನ ಚೂರು ತೆಗೆಯುತ್ತಾರೆ. ಗರ್ಭಪಾತದ ಅಪಾಯ ಸಣ್ಣದು, ಆದರೂ ಇದೆ. ಆ ಚೂರಿಗೆ ತಾಯಿಯ ಅಂಗಾಂಶ ಅಂಟಿಕೊಂಡಿದ್ದರೆ ಮೇಜರ್ ಇರುವ ಕೂಸಿಗೂ ಮೈನರ್ ಎಂದು ತಪ್ಪು ವರದಿ ಬರಬಹುದು. ಅದನ್ನು ಹಿಡಿಯುವ 'ಮೆಟರ್ನಲ್ ಕಂಟ್ಯಾಮಿನೇಶನ್' ಟೆಸ್ಟ್ ಮಾಡುತ್ತಾರೆಯೇ ಎಂದು ಖಂಡಿತ ಕೇಳಿ. ಸಮಯ ಮೀರಿದರೆ 16 ವಾರದ ನಂತರ ಗರ್ಭಜಲ ಪರೀಕ್ಷೆ ಇದೆ. ಫಾರ್ಮ್ ಜಿ (ಈ ಪರೀಕ್ಷೆಗಳ ಒಪ್ಪಿಗೆ ಪತ್ರ) ಮೇಲೆ ತಾಯಿಯ ಸಹಿ ಬೇಕು. ಗಂಡೋ ಹೆಣ್ಣೋ ಹೇಳುವಂತಿಲ್ಲ. ವರದಿ ಬಂದ ಮೇಲೆ ಬಸಿರಿನ ನಿರ್ಧಾರ ನಿಮ್ಮ ತಂಗಿಯದು. ಕೌನ್ಸೆಲರ್ ಒತ್ತಾಯಿಸುವಂತಿಲ್ಲ, ಮನೆಯವರೂ ಒತ್ತಾಯಿಸಬಾರದು.

ಉತ್ತರ 3: ನೀವೂ ಎಚ್‌ಪಿಎಲ್‌ಸಿ ಮಾಡಿಸ್ರಿ, ಮನ್ಯಾಗ ಮದುವಿ ಆಗಬೇಕಾದವರು ಮೊದಲು. 2 ಮಿ.ಲೀ. ರಕ್ತ ಸಾಕು. ಎಚ್‌ಬಿ ಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) 3.5% ದಾಟಿದ್ರ ಸಾಮಾನ್ಯವಾಗಿ ಮೈನರ್. ಮೈನರ್ ಅಂದ್ರ ರೋಗ ಅಲ್ಲ, ಔಷಧ ಬ್ಯಾಡ. ಕಬ್ಬಿಣಾಂಶ ಭಾಳ ಕಡಿಮಿ ಇದ್ರ ಎ2 ಇಳಿದು ಮೈನರ್ ಮರೆಯಾಗಬಹುದು. ಎಂಸಿವಿ (ಕೆಂಪು ರಕ್ತಕಣದ ಗಾತ್ರ) 80ರ ಕೆಳಗ ಇದ್ದು ಎ2 ನಾರ್ಮಲ್ ಬಂದ್ರ, ಫೆರಿಟಿನ್ (ಮೈಯಾಗಿನ ಕಬ್ಬಿಣದ ದಾಸ್ತಾನು) ನೋಡಿಸಿ, ಕಬ್ಬಿಣದ ಗುಳಿಗಿ ಮುಗಿಸಿ ಮತ್ತೊಮ್ಮೆ ಮಾಡಿಸ್ರಿ. ಬಸುರಿದ್ದವರು ಮಾತ್ರ ಹಂಗ ಕಾಯಬ್ಯಾಡ್ರಿ, ಗಂಡಂದೂ ಕೂಡೇ ಮಾಡಿಸಿ ಡಾಕ್ಟರಿಗೆ ತೋರಸ್ರಿ.