ರಿಗ್ರೆಷನ್‌ಗೆ ‘ಹದಗೇಡು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮೊದಲು ಸರಿಯಾಗಿ ನಡೆಯುತ್ತಿದ್ದದ್ದು ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಕೆಟ್ಟರೆ, ಕಂಪ್ಯೂಟರಿನವರು ಅದನ್ನು ‘ರಿಗ್ರೆಷನ್’ ಅನ್ನುತ್ತಾರೆ. ಇದಕ್ಕೆ ಒಂದು ಕನ್ನಡ ಪದ ಬೇಕಾಗಿದೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರಲ್ಲಿ ಈ ಮಾತಿಗೆ ತುಂಬಾ ತೂಕ. ನಡೆಯುತ್ತಿದ್ದದ್ದನ್ನು ಕೆಡಿಸಬಾರದು ಅನ್ನುವುದು ಲಿನಕ್ಸ್ ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್ ಬಹಳ ಕಾಲದಿಂದ ಹಿಡಿದಿರುವ ಪಟ್ಟು. ಸುಮ್ನೆ ‘ದೋಷ’ ಅಂತ ಬರೆದರೆ ಆ ತೂಕ ಉಳಿಯುವುದಿಲ್ಲ. ದೋಷ ಹುಟ್ಟಿನಿಂದಲೂ ಇರಬಹುದು, ಅಲ್ವಾ?

ಪ್ರಶ್ನೆ ಎದ್ದದ್ದು ತಂಗಿಯ ಫೋನಿನಿಂದ. ‘ಅಣ್ಣಾ, ಅಪ್‌ಡೇಟ್ ಆದಾಗಿಂದ ಲ್ಯಾಪ್‌ಟಾಪ್ ಮುಚ್ಚಿ ತೆಗೆದ್ರೆ ಟಚ್‌ಪ್ಯಾಡ್ ಅಲ್ಲಾಡೋದೇ ಇಲ್ಲ’ ಅಂದಳು. ಆನ್ ಮಾಡುವಾಗ ಯಾವ ಕರ್ನಲ್ ಓಡಬೇಕೆಂದು ಆರಿಸುವ ಗ್ರಬ್ ಮೆನು ಬರಿಸಿ, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ, ಹಿಂದಿನ ಕರ್ನಲ್ ಆರಿಸಲು ಹೇಳಿದೆ. ಮುಚ್ಚಿದಳು, ತೆಗೆದಳು. ‘ಹಿಂದಿನದ್ರಲ್ಲಿ ಸರಿ ಇದೆ. ಹೊಸದ್ರಲ್ಲೇ ಹದ ತಪ್ಪಿರೋದು.’ ಆ ‘ಹದ’ ನನ್ನ ಕಿವಿಯಲ್ಲಿ ಉಳಿಯಿತು. ಹಳೆಯ ಕರ್ನಲ್‌ಗಳನ್ನು ಒಂದೊಂದಾಗಿ ಹಾಕಿ, ತೊಂದರೆ ಎಲ್ಲಿ ಶುರುವಾಯಿತು ಅಂತ ಪತ್ತೆ ಹಚ್ಚುವುದು ಹೇಗೆ ಎಂದು ಅವಳಂಥವರಿಗೆ ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಹಿಂಜರಿತ’ ಬೇಡ ಅನಿಸಿತು. ಅದನ್ನು ಪತ್ರಿಕೆಗಳು ಆರ್ಥಿಕತೆಗೆ ಕೊಟ್ಟುಬಿಟ್ಟಿವೆ. ‘ಹಿನ್ನಡೆ’ ಅಂದರೆ ಕೆಲಸವೇ ಹಿಂದೆ ಬಿದ್ದ ಹಾಗೆ. ‘ಮರುಕಳಿಕೆ’ ಹತ್ತಿರ ಬರುತ್ತದೆ, ಆದರೆ ಮರುಕಳಿಸುವುದು ಮೊದಲೇ ಇದ್ದು ಹೋದ ಕಾಯಿಲೆ. ಟಚ್‌ಪ್ಯಾಡ್‌ಗೆ ಮೊದಲು ಯಾವ ಕಾಯಿಲೆಯೂ ಇರಲಿಲ್ಲ.

‘ಹದಗೆಡು’ ನೋಡಿ. ಹದ ಇದ್ದದ್ದು ಮಾತ್ರ ಹದಗೆಡಲು ಸಾಧ್ಯ. ಹದಗೆಟ್ಟ ರಸ್ತೆ ಅಂದರೆ ಒಂದು ಕಾಲಕ್ಕೆ ಚೆನ್ನಾಗಿದ್ದ ರಸ್ತೆ. ಡಾಂಬರೇ ಕಾಣದ ದಾರಿಯನ್ನು ಯಾರೂ ಹಾಗೆ ಕರೆಯುವುದಿಲ್ಲ. ‘ಮೊದಲು ಸರಿಯಿತ್ತು’ ಅನ್ನುವುದು ಪದದ ಹೊಟ್ಟೆಯಲ್ಲೇ ಇದೆ. ನಾಚಿಕೆಗೇಡು, ಮಾನಗೇಡು ಇದ್ದ ಹಾಗೆ ‘ಹದಗೇಡು’ ಅಂದರೆ ಬಾಯಿಗೂ ಒಗ್ಗುತ್ತದೆ.

ಒಂದೇ ಅನುಮಾನ. ರಸ್ತೆಯಾಗಲಿ ಆರೋಗ್ಯವಾಗಲಿ ಹದಗೆಡುವುದು ಸಾಮಾನ್ಯವಾಗಿ ಮೆಲ್ಲಗೆ. ಇಲ್ಲಿ ಹಾಗಲ್ಲ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ 5.19.12 ಕರ್ನಲ್ ಹಾಕಿಕೊಂಡಾಗ, ಇಂಟೆಲ್ ಗ್ರಾಫಿಕ್ಸ್ ಇದ್ದ ಕೆಲವು ಲ್ಯಾಪ್‌ಟಾಪ್‌ಗಳ ಪರದೆ ಬೆಳ್ಳಗೆ ಮಿನುಗತೊಡಗಿತು. ಪರದೆಗೆ ಕರೆಂಟು ಕೊಡುವ, ತೆಗೆಯುವ ನಡುವೆ ಎಷ್ಟು ಹೊತ್ತು ಕಾಯಬೇಕೆಂಬ ಲೆಕ್ಕ ತಪ್ಪಿತ್ತು. ಪರದೆಯೇ ಹಾಳಾದೀತೆಂಬ ಭಯವೂ ಇತ್ತು. 5.19.11ರಲ್ಲಿ ಈ ತೊಂದರೆ ಇರಲಿಲ್ಲ. ತೊಂದರೆ ತಂದ ಬದಲಾವಣೆಗಳನ್ನು ಕಿತ್ತುಹಾಕಿ ಅಕ್ಟೋಬರ್ ಮೊದಲ ವಾರದಲ್ಲೇ 5.19.13 ಬಂತು. ಹೀಗೆ ಒಂದೇ ಏಟಿಗೆ ಕೆಟ್ಟದ್ದಕ್ಕೆ ‘ಹದಗೇಡು’ ಹೊಂದುತ್ತದೆಯೇ? ಹಾಲು ಒಡೆಯುವ ಹಾಗೆ ತಟ್ಟನೆ ಕೆಡುವುದಕ್ಕೆ ನಿಮ್ಮ ಕಡೆ ಬೇರೆ ಮಾತು ಇದ್ದರೆ ತಿಳಿಸಿ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಪದ, ಪ್ರೋಗ್ರಾಂ ಬದಲಾವಣೆಗಳ ದಾಖಲೆ ಇಡುವ ಸಲಕರಣೆಯಾದ ಗಿಟ್‌ನ ‘ಬೈಸೆಕ್ಟ್’ ಆದೇಶ. ಸರಿಯಿದ್ದ ಕರ್ನಲ್‌ಗೂ ಕೆಟ್ಟ ಕರ್ನಲ್‌ಗೂ ನಡುವೆ 1,000 ಬದಲಾವಣೆಗಳಿದ್ದರೆ, ನಟ್ಟನಡುವಿನ ಬದಲಾವಣೆಯವರೆಗಿನ ಕರ್ನಲ್ ಸಿದ್ಧಪಡಿಸಿ ಓಡಿಸಿ ನೋಡುವುದು. ಅದರಲ್ಲಿ ಸರಿಯಿದ್ದರೆ ತಪ್ಪು ಅದರ ನಂತರದ ಅರ್ಧದಲ್ಲಿದೆ. ಹೀಗೇ ಮಾಡುತ್ತಾ ಹೋದರೆ ಸುಮಾರು 10 ಸಲಕ್ಕೆ ಕೆಡಿಸಿದ ಬದಲಾವಣೆ ಕೈಗೆ ಸಿಗುತ್ತದೆ. ಶಾಲೆಯ ರೇಖಾಗಣಿತದ ‘ಅರ್ಧಿಸು’ ಇದೆ, ಆದರೆ ಅಲ್ಲಿ ಎರಡು ಅರ್ಧವೂ ಉಳಿಯುತ್ತವೆ. ಇಲ್ಲಿ ಒಂದನ್ನು ಪ್ರತಿಸಲ ಬಿಟ್ಟುಬಿಡುತ್ತೇವೆ. ಸದ್ಯಕ್ಕೆ ‘ಅರ್ಧರ್ಧ ಮಾಡಿ ಹುಡುಕು’ ಅಂತ ಬರೆದಿದ್ದೇನೆ. ಉದ್ದವಾಯಿತು. ಪ್ರತಿಸಲದ ಫಲ ತಿಳಿಸಲು ಆ ಆದೇಶಕ್ಕೆ ಕೊಡುವ ‘ಗುಡ್’, ‘ಬ್ಯಾಡ್’ಗೆ ‘ಸರಿಯಿದೆ’, ‘ಕೆಟ್ಟಿದೆ’ ಸಾಕು. ‘ಒಳ್ಳೆಯದು’ ಅಂದರೆ ಗುಣದ ಮಾತಾಗುತ್ತದೆ.

ಕೊನೆಗೊಂದು ಸಣ್ಣದು. ‘ಹಳೆಯ ಕರ್ನಲ್’ ಅನ್ನಬೇಕೋ, ‘ಹಿಂದಿನ ಕರ್ನಲ್’ ಅನ್ನಬೇಕೋ? 6.0 ಬಂದ ಮೇಲೂ 5.10ರ ಸಾಲಿನಲ್ಲಿ ಹೊಸ ಬಿಡುಗಡೆಗಳು ಬರುತ್ತಲೇ ಇದ್ದವು. ಅವು ಸಂಖ್ಯೆಯಲ್ಲಿ ಹಿಂದಿನವು, ತಾರೀಕಿನಲ್ಲಿ ಹಳೆಯವಲ್ಲ. ನಾನು ‘ಹಿಂದಿನ’ ಕಡೆಗೇ ವಾಲಿದ್ದೇನೆ. ನಿಮಗೆ ಯಾವುದು ಸರಿ ಅನಿಸುತ್ತದೆ?