ಅಪ್‌ಡೇಟ್: ಮಗಳು ಜರ್ಮನಿಗೆ ಹೊರಟಳು

ಹತ್ತನೇ ಕ್ಲಾಸ್ ಮುಗಿಸಿದ ಮಗಳನ್ನು ರೋಟರಿ ಯೂತ್ ಎಕ್ಸ್‌ಚೇಂಜ್‌ನಲ್ಲಿ (ರೋಟರಿ ಕ್ಲಬ್‌ಗಳು ನಡೆಸುವ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮ) ಒಂದು ವರ್ಷ ಜರ್ಮನಿಗೆ ಕಳಿಸಬಹುದಾ ಅಂತ ಇಲ್ಲಿ ಕೇಳಿದ್ದೆ ಅಲ್ವಾ? ಕಳಿಸುತ್ತಿದ್ದೇವೆ. ಊಟ, ವಸತಿ ಅಲ್ಲಿ ಅವಳನ್ನು ಇರಿಸಿಕೊಳ್ಳುವ ಮನೆಯವರು ನೋಡಿಕೊಳ್ಳುತ್ತಾರೆ; ವಿಮಾನದ ಟಿಕೆಟ್, ವಿಮೆ, ವೀಸಾ ಖರ್ಚು ನಮ್ಮದು. ವರ್ಷದೊಳಗೆ ಎರಡು ಮೂರು ಮನೆ ಬದಲಾಗಬಹುದು ಅನ್ನೋದೇ ನನಗೆ ಜಾಸ್ತಿ ಭಯವಾಗಿತ್ತು, ಆದರೆ ಹೀಗೇ ಹೋಗಿ ಬಂದ ನಮ್ಮ ಪುಣೆಯ ಕೋಥ್ರೂಡ್‌ನ ಹುಡುಗಿಯೊಬ್ಬಳು, "ಆಂಟಿ, ಮನೆ ಬದಲಾದಾಗಲೇ ನನಗೆ ಅಲ್ಲಿನ ಮಾತು ಸಲೀಸಾಗಿದ್ದು" ಅಂದಳು. ಗಾಡಿ ಓಡಿಸುವುದು, ಕುಡಿತ, ಡ್ರಗ್ಸ್, ಡೇಟಿಂಗ್ ನಾಲ್ಕೂ ನಿಷೇಧ ಅಂತ ತಿಳಿದ ಮೇಲೆ ಧಾರವಾಡದ ಅತ್ತೆಯೂ ಒಪ್ಪಿದರು. ಹನ್ನೊಂದನೇ ಕ್ಲಾಸಿಗೆ ವಾಪಸ್ ಬಂದು ಪುಣೆಯಲ್ಲೇ ಸೇರುತ್ತಾಳೆ. ಓರಗೆಯವರಿಗಿಂತ ಒಂದು ವರ್ಷ ಹಿಂದಾಗುತ್ತಾಳೆ, ಆಗಲಿ. ಸುಮ್ನೆ ಧೈರ್ಯ ಹೇಳದೆ ಕಷ್ಟಗಳನ್ನೂ ಬಿಡಿಸಿ ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಬೇಕಿತ್ತು: ಚಳಿಗೆ ದಪ್ಪ ಕೋಟು ಇಲ್ಲೇ ಕೊಳ್ಳಬೇಕಾ, ಅಲ್ಲಿ ಹೋದ ಮೇಲಾ?